ಹಾಮಾನನ ಜೇಬು, ಗಸಗಸೆಯ ಹೂರಣ

ಹೋಳಿಗೆ, ಕಡುಬು, ಕರ್ಜಿಕಾಯಿ ಮಾಡುವ ಮನೆಗಳಲ್ಲಿ ಎರಡು ಪದ ಕಿವಿಗೆ ಬೀಳುತ್ತಲೇ ಇರುತ್ತವೆ: ಕಣಕ ಮತ್ತು ಹೂರಣ. ಹೊರಗಿನ ಹಿಟ್ಟು ಕಣಕ, ಒಳಗೆ ತುಂಬೋದು ಹೂರಣ. ಈ ಸಲದ ಬರಹಕ್ಕೆ ಎರಡೂ ಪದ ಬೇಕು, ಅದಕ್ಕೇ ಮೊದಲೇ ಹೇಳಿಬಿಟ್ಟೆ. ಕನ್ನಡ ಈಗಷ್ಟೇ ಕಲಿಯುತ್ತಿರುವವರು ಇವನ್ನು ನೆನಪಿಟ್ಟುಕೊಳ್ಳಿ. ಕಥೆ ಮಾತ್ರ ನಮ್ಮ ಕಡುಬಿನದ್ದಲ್ಲ. ಯಹೂದಿಗಳು ಮನೆಯಲ್ಲಿ ಬೇಕ್ ಮಾಡುವ, ಹೂರಣ ತುಂಬಿದ ತಿಂಡಿಗಳದ್ದು.

ನ್ಯೂಯಾರ್ಕ್, ಲಂಡನ್, ಟೊರಾಂಟೊ, ಮೆಲ್ಬರ್ನ್ ಕಡೆ ಇರುವವರು ಫೆಬ್ರವರಿ ಕೊನೆಗೋ ಮಾರ್ಚ್‌ನಲ್ಲೋ ಬೇಕರಿಗಳಲ್ಲಿ ಮೂರು ಮೂಲೆಯ ಒಂದು ಬಿಸ್ಕತ್ತು ನೋಡಿರಬಹುದು. ಅಂಚು ಮೇಲಕ್ಕೆ ಮಡಚಿರುತ್ತೆ, ನಡುವೆ ಕಪ್ಪಗೆ ಗಸಗಸೆಯ ಹೂರಣವೋ ಪ್ಲಮ್ ಹಣ್ಣಿನ ಜಾಮೋ ಇಣುಕುತ್ತಿರುತ್ತೆ. ಅದರ ಹೆಸರು ಹಾಮನ್‌ತಾಶ್. ಒಂದಕ್ಕಿಂತ ಹೆಚ್ಚಿದ್ದರೆ ಹಾಮನ್‌ತಾಶೆನ್. ಶಾಲೆಯಲ್ಲಿ ಗೆಳೆಯರು ಕೊಟ್ಟಿದ್ದನ್ನು ತಿಂದು ಬಂದ ಮಕ್ಕಳು ಮನೆಯಲ್ಲಿ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಇದು ಯಾವ ದೇಶದ ತಿಂಡಿ? ಇದಕ್ಕೆ ಒಂದೇ ಮಾತಿನ ಉತ್ತರ ಇಲ್ಲ.

ಪೂರಿಮ್ ಅಂದರೆ ಚೀಟಿ

ಹಾಮನ್‌ತಾಶ್ ಪೂರಿಮ್ ಹಬ್ಬದ ತಿಂಡಿ. ಪೂರಿಮ್ ಬರೋದು ಹೀಬ್ರೂ ಪಂಚಾಂಗದ ಅದಾರ್ ತಿಂಗಳ 14ನೇ ದಿನ. ಅವತ್ತು ಸಿನಗಾಗ್‌ಗಳಲ್ಲಿ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರಗಳಲ್ಲಿ, ಎಸ್ತೇರಳ ಗ್ರಂಥವನ್ನು ಓದುತ್ತಾರೆ. ಆ ಗ್ರಂಥದ ಮೊದಲ ವಾಕ್ಯದಲ್ಲೇ ನಮ್ಮ ದೇಶದ ಹೆಸರು ಬರುತ್ತೆ. ಅಹಷ್ವೇರೋಷ ಎಂಬ ರಾಜ 'ಹೋದು'ವಿನಿಂದ ಕೂಷಿನವರೆಗೆ 127 ಸಂಸ್ಥಾನಗಳನ್ನು ಆಳುತ್ತಿದ್ದನಂತೆ. ಹೀಬ್ರೂವಿನಲ್ಲಿ ಹೋದು ಅಂದರೆ ಭಾರತ, ಇವತ್ತಿಗೂ ಅದೇ ಪದ. ಈ ರಾಜನನ್ನು ಅನೇಕರು ಪರ್ಷಿಯಾದ ಕ್ಸರ್ಕ್ಸಿಸ್ ಎಂದು ಗುರುತಿಸುತ್ತಾರೆ.

ಕಥೆ ಚಿಕ್ಕದಾಗಿ ಹೀಗಿದೆ. ರಾಜನ ಮಂತ್ರಿ ಹಾಮಾನ್. ಮೊರ್ದೆಕೈ ಎಂಬ ಯಹೂದಿ ತನಗೆ ತಲೆಬಾಗಲಿಲ್ಲ ಅಂತ ಅವನಿಗೆ ಸಿಟ್ಟು. ಸಿಟ್ಟು ಒಬ್ಬನ ಮೇಲೆ, ಸೇಡು ಇಡೀ ಜನಾಂಗದ ಮೇಲೆ. ಎಲ್ಲ ಯಹೂದಿಗಳನ್ನೂ ಕೊಲ್ಲಿಸೋಕೆ ಯಾವ ದಿನ ಒಳ್ಳೆಯದು ಅಂತ ಚೀಟಿ ಎತ್ತಿಸುತ್ತಾನೆ. ಆ ಚೀಟಿಗೆ 'ಪೂರ್' ಎಂದು ಹೆಸರು, ಪೂರಿಮ್ ಅನ್ನೋದು ಅದರ ಬಹುವಚನ. ರಾಣಿ ಎಸ್ತೇರ್ ತಾನು ಯಹೂದಿ ಅನ್ನೋದನ್ನ ಅರಮನೆಯಲ್ಲಿ ಮುಚ್ಚಿಟ್ಟಿರುತ್ತಾಳೆ. ಕೊನೆಗೆ ಪ್ರಾಣದ ಹಂಗು ತೊರೆದು ರಾಜನ ಮುಂದೆ ನಿಜ ಹೇಳುತ್ತಾಳೆ. ಮೊರ್ದೆಕೈಗೆಂದು ಹಾಮಾನ್ ನೆಡಿಸಿದ್ದ ಗಲ್ಲುಗಂಬಕ್ಕೆ ಅವನನ್ನೇ ಏರಿಸುತ್ತಾರೆ.

ಇದು ನಡೆದ ಇತಿಹಾಸವೋ ಕಟ್ಟಿದ ಕಥೆಯೋ ಎಂಬ ಚರ್ಚೆ ವಿದ್ವಾಂಸರದ್ದು, ಕಥೆಯೆಂದು ಹೇಳುವವರೇ ಹೆಚ್ಚು. ಹಬ್ಬಕ್ಕೆ ಅದರಿಂದ ಏನೂ ಆಗಿಲ್ಲ. ಓದುವಾಗ ಹಾಮಾನನ ಹೆಸರು ಬಂದಾಗಲೆಲ್ಲ ಮಕ್ಕಳು ಗಿಲಕಿ ತಿರುಗಿಸಿ, ಕಾಲು ಬಡಿದು, ಆ ಹೆಸರು ಕೇಳಿಸದ ಹಾಗೆ ಗದ್ದಲ ಮಾಡುತ್ತಾರೆ. ಆಮೇಲೆ ಅವನ ಹೆಸರಿನ ತಿಂಡಿ ತಿನ್ನುತ್ತಾರೆ.

ಜೇಬೋ, ಕಿವಿಯೋ, ಟೋಪಿಯೋ

ಹಾಮನ್‌ತಾಶ್ ಅನ್ನೋದು ಯಿಡ್ಡಿಶ್ ಪದ. ಯಿಡ್ಡಿಶ್ ಅಂದರೆ ಮಧ್ಯ ಮತ್ತು ಪೂರ್ವ ಯೂರೋಪಿನ ಯಹೂದಿಗಳ ಮನೆಮಾತು. ಜರ್ಮನ್ ಬೇರಿನದು, ಹೀಬ್ರೂ ಲಿಪಿಯಲ್ಲಿ ಬರೆಯೋದು. ಜರ್ಮನ್ ನಾಡಿನಲ್ಲಿ 'ಮೋನ್‌ತಾಶೆನ್' ಎಂಬ ತಿಂಡಿ ಇತ್ತು. ಮೋನ್ ಅಂದರೆ ಗಸಗಸೆ, ತಾಶೆ ಅಂದರೆ ಜೇಬು. ಹಿಟ್ಟಿನ ಜೇಬಿನೊಳಗೆ ಗಸಗಸೆ. ಅದನ್ನು ಮಾಡುತ್ತಿದ್ದವರು ಯಹೂದಿಗಳಷ್ಟೇ ಅಲ್ಲ, ಅಕ್ಕಪಕ್ಕದ ಕ್ರೈಸ್ತರೂ ತಿನ್ನುತ್ತಿದ್ದರು. 'ಮೋನ್' ಮತ್ತು 'ಹಾಮಾನ್' ಒಂದೇ ಥರ ಕೇಳಿಸುತ್ತವಲ್ಲ, ಯಾರೋ ತಮಾಷೆಗೆ ಒಂದು ಅಕ್ಷರ ಸೇರಿಸಿದರು, ಗಸಗಸೆಯ ಜೇಬು ಹಾಮಾನನ ಜೇಬಾಯಿತು.

ಹೀಬ್ರೂವಿನಲ್ಲಿ ಇದೇ ತಿಂಡಿಗೆ 'ಓಜ್ನೇ ಹಾಮಾನ್' ಅಂತಾರೆ, ಹಾಮಾನನ ಕಿವಿಗಳು ಎಂದರ್ಥ. ಇಟಲಿ ಮತ್ತು ಮೆಡಿಟರೇನಿಯನ್ ತೀರದ ಯಹೂದಿಗಳು ಪೂರಿಮ್‌ಗೆ ಕಿವಿಯಾಕಾರದಲ್ಲಿ ತೆಳ್ಳಗೆ ಮಡಚಿದ ಹಿಟ್ಟನ್ನು ಎಣ್ಣೆಯಲ್ಲಿ ಕರಿಯುತ್ತಿದ್ದರು. ಒಳಗೆ ಹೂರಣ ಇರಲಿಲ್ಲ. ಮುಂದೆ ಎರಡು ಬೇರೆ ತಿಂಡಿಗಳಿಗೆ ಒಂದೇ ಹೆಸರು ಅಂಟಿಕೊಂಡಿತು. ಇನ್ನು ಮೂರು ಮೂಲೆ ಯಾಕೆ ಅಂತ ಕೇಳಿದರೆ, ಹಾಮಾನ್ ಮೂರು ಮೂಲೆಯ ಟೋಪಿ ಹಾಕುತ್ತಿದ್ದ ಅಂತ ಹೇಳುತ್ತಾರೆ. ಅಂಥ ಟೋಪಿ ಬಳಕೆಗೆ ಬಂದಿದ್ದು 17-18ನೇ ಶತಮಾನದ ಯೂರೋಪಿನಲ್ಲಿ. ಪರ್ಷಿಯಾದ ಹಳೇ ಮಂತ್ರಿಯ ತಲೆಗೆ ಅದನ್ನು ತೊಡಿಸಿದ್ದು ಯೂರೋಪಿನ ಕಲ್ಪನೆ.

ಗಸಗಸೆಗೂ ಒಂದು ಕಾರಣ ಹುಡುಕಿಟ್ಟಿದ್ದಾರೆ. ಅರಮನೆಯಲ್ಲಿದ್ದಾಗ ಎಸ್ತೇರ್ ತನ್ನ ಧರ್ಮಕ್ಕೆ ಒಗ್ಗದ ಮಾಂಸ ಬಿಟ್ಟು ಬರೀ ಬೀಜ, ಕಾಳು ತಿಂದುಕೊಂಡಿದ್ದಳು ಎಂಬ ಅಭಿಪ್ರಾಯ ತಾಲ್ಮುದ್ ಗ್ರಂಥದಲ್ಲಿದೆ. ಪರಊರಿನಲ್ಲಿ ಇದ್ದುಕೊಂಡು 'ಇದರಲ್ಲಿ ಏನೇನಿದೆ?' ಅಂತ ಕೇಳಿ ಕೇಳಿ ತಿನ್ನುವ ಕಷ್ಟ ಗೊತ್ತಿರುವವರಿಗೆ ಎಸ್ತೇರ್ ಅರ್ಥವಾಗುತ್ತಾಳೆ.

ಜಾಮ್ ಮಾರಿದವನ ಮೇಲೆ ಕೊಲೆಯ ಆರೋಪ

ಗಸಗಸೆ ಬಿಟ್ಟರೆ ಹಾಮನ್‌ತಾಶೆನ್‌ನ ಇನ್ನೊಂದು ಹಳೆಯ ಹೂರಣ ಪ್ಲಮ್. ಇವತ್ತಿನ ಚೆಕ್ ದೇಶದಲ್ಲಿರುವ ಬೊಹಿಮಿಯಾದಲ್ಲಿ ಬೇಸಿಗೆ ಕೊನೆಗೆ ಪ್ಲಮ್ ಹಣ್ಣಾಗುತ್ತೆ. ಅದನ್ನು ದೊಡ್ಡ ಪಾತ್ರೆಯಲ್ಲಿ ಹಾಕಿ, ಸಕ್ಕರೆ ಹಾಕದೆ, ಗಂಟೆಗಟ್ಟಲೆ ಕೈಯಾಡಿಸುತ್ತಾ ಕಪ್ಪಗೆ ಗಟ್ಟಿಯಾಗುವವರೆಗೆ ಕುದಿಸುತ್ತಾರೆ. ಇದಕ್ಕೆ ಪೊವಿಡ್ಲ್ ಅಂತ ಹೆಸರು. ಚಳಿಗಾಲ ಪೂರ್ತಿ ಕೆಡೋದಿಲ್ಲ. ಚಳಿಗಾಲದ ಕೊನೆಗೆ ಪೂರಿಮ್ ಬರುವ ಹೊತ್ತಿಗೆ ಮನೆಯಲ್ಲಿ ಉಳಿದಿರುವ ಸಿಹಿ ಅದೇ.

ಬೊಹಿಮಿಯಾದ ಮ್ಲಾದಾ ಬೊಲೆಸ್ಲಾವ್ ಪಟ್ಟಣದಲ್ಲಿ, ಜರ್ಮನ್ ಭಾಷೆಯವರು ಯುಂಗ್‌ಬುನ್ಸ್‌ಲೌ ಎನ್ನುತ್ತಿದ್ದ ಊರಿನಲ್ಲಿ, ಡೇವಿಡ್ ಬ್ರಾಂಡೈಸ್ ಎಂಬ ಯಹೂದಿ ವ್ಯಾಪಾರಿ ಇದ್ದ. 1731ರಲ್ಲಿ ಅವನ ಅಂಗಡಿಯಿಂದ ಒಬ್ಬ ಕ್ರೈಸ್ತ ಪುಸ್ತಕ ಬೈಂಡರ್‌ನ ಮನೆಯವರು ಪೊವಿಡ್ಲ್ ಕೊಂಡುಕೊಂಡು ಹೋದರು. ಮನೆಯವರಿಗೆ ಹುಷಾರು ತಪ್ಪಿತು. ಕೆಲವು ದಿನಗಳಲ್ಲಿ ಬೈಂಡರ್ ತೀರಿಕೊಂಡ. ಯಹೂದಿ ವಿಷ ಹಾಕಿದ ಜಾಮ್ ಮಾರಿದ ಅಂತ ಊರಲ್ಲಿ ಸುದ್ದಿ ಹಬ್ಬಿತು. ಅಂಗಡಿ ಮುಚ್ಚಿಸಿದರು, ಬ್ರಾಂಡೈಸ್‌ನನ್ನು ಕುಟುಂಬದ ಸಮೇತ ಸೆರೆಗೆ ಹಾಕಿದರು.

ಆ ಕಾಲದಲ್ಲಿ ಇಂಥ ಸುದ್ದಿ ಎಲ್ಲಿಗೆ ಹೋಗಿ ನಿಲ್ಲುತ್ತಿತ್ತು ಅನ್ನೋದು ಎಲ್ಲರಿಗೂ ಗೊತ್ತಿತ್ತು. 14ನೇ ಶತಮಾನದಲ್ಲಿ ಪ್ಲೇಗ್ ಬಂದಾಗ ಯಹೂದಿಗಳು ಬಾವಿಗಳಿಗೆ ವಿಷ ಹಾಕಿದ್ದಾರೆ ಎಂಬ ಸುಳ್ಳು ಹಬ್ಬಿ, ಊರೂರುಗಳಲ್ಲಿ ಅವರನ್ನು ಸುಟ್ಟು ಕೊಂದಿದ್ದರು. ಈ ಸಲ ಹಾಗಾಗಲಿಲ್ಲ. ವಿಚಾರಣೆ ನಡೆಯಿತು, ವಿಷಯ ಪ್ರಾಗ್ ನ್ಯಾಯಾಲಯದವರೆಗೆ ಹೋಯಿತು. ಬೈಂಡರ್ ಸತ್ತಿದ್ದು ಕ್ಷಯರೋಗದಿಂದ ಅಂತ ತೀರ್ಮಾನವಾಗಿ ಬ್ರಾಂಡೈಸ್ ಕುಟುಂಬ ಬಿಡುಗಡೆಯಾಯಿತು.

ಮನೆಗೆ ಬಂದ ಬ್ರಾಂಡೈಸ್ ನಡೆದಿದ್ದನ್ನೆಲ್ಲ ಬರೆದಿಟ್ಟ. ಅದಾರ್ 10ರಂದು, ಅಂದರೆ ಪೂರಿಮ್‌ಗೆ ನಾಲ್ಕು ದಿನ ಮುಂಚೆ, ತನ್ನ ವಂಶದವರು ಅದನ್ನು ಓದಿ ಹಬ್ಬದೂಟ ಮಾಡಬೇಕು ಅಂತ ಗೊತ್ತುಮಾಡಿದ. ಇದಕ್ಕೆ 'ಪೊವಿಡ್ಲ್ ಪೂರಿಮ್' ಎಂದೇ ಹೆಸರು. ಹೀಗೆ ದೊಡ್ಡ ಆಪತ್ತಿನಿಂದ ಪಾರಾದ ಊರುಗಳು, ಕುಟುಂಬಗಳು ತಮ್ಮದೇ ಆದ ಒಂದು ಪುಟ್ಟ ಪೂರಿಮ್ ಆಚರಿಸುವ ಪದ್ಧತಿ ಯಹೂದಿಗಳಲ್ಲಿ ಬಹಳ ಕಡೆ ಇತ್ತು. ಪ್ಲಮ್ ಹಾಮನ್‌ತಾಶೆನ್ ಈ ಘಟನೆಯಿಂದಲೇ ಶುರುವಾಯಿತು ಅಂತಲೂ ಹೇಳುತ್ತಾರೆ. ಅದನ್ನು ಕಥೆ ಅಂತಲೇ ಇಟ್ಟುಕೊಳ್ಳೋಣ, ಯಾಕಂದ್ರೆ ಪ್ಲಮ್ ಜಾಮ್ ಎಲ್ಲರ ಮನೆಯಲ್ಲೂ ಇತ್ತು. ಗಮನಿಸಬೇಕಾದ್ದು ಬೇರೆ. ತಿಂಡಿಯ ಆಕಾರ, ಹೆಸರು, ಹೂರಣ ಎಲ್ಲವನ್ನೂ ಯಾವ ನೆರೆಹೊರೆಯ ಜೊತೆ ಹಂಚಿಕೊಂಡಿದ್ದರೋ, ಅದೇ ನೆರೆಹೊರೆ ಒಂದು ಸಾವಾದ ಕೂಡಲೇ ಇವರ ಕಡೆ ಬೆರಳು ತೋರಿಸಿತು. ಒಂದೇ ಜಾಮ್ ತಿಂದವರ ನಡುವೆಯೂ ನಂಬಿಕೆ ಅಷ್ಟು ತೆಳುವಾಗಿತ್ತು.

ಸ್ಪೇನ್‌ನಿಂದ ಸಲೋನಿಕಾ, ಬಾಗ್ದಾದ್‌ನಿಂದ ಕಲ್ಕತ್ತಾ

ಇಲ್ಲಿವರೆಗೆ ಹೇಳಿದ್ದು ಯಿಡ್ಡಿಶ್ ಮಾತಾಡುವವರ ಮನೆ. ಯಹೂದಿಗಳ ಅಡುಗೆಮನೆ ಒಂದೇ ಅಲ್ಲ. 1492ರಲ್ಲಿ ಸ್ಪೇನ್‌ನ ಅರಸರು, ಮತ ಬದಲಿಸಿ ಇಲ್ಲವೇ ದೇಶ ಬಿಡಿ ಅಂತ ಯಹೂದಿಗಳಿಗೆ ಆಜ್ಞೆ ಮಾಡಿದರು. ಹೊರಟವರಲ್ಲಿ ಬಹಳ ಮಂದಿ ಒಟ್ಟೊಮನ್ ಸಾಮ್ರಾಜ್ಯ ಸೇರಿ ಇಸ್ತಾಂಬುಲ್, ಇಜ್ಮಿರ್, ಸಲೋನಿಕಾಗಳಲ್ಲಿ ನೆಲೆಯಾದರು. ಸ್ಪೇನ್‌ನಿಂದ ತಂದ ಲಾದೀನೋ ಭಾಷೆಯನ್ನು ಮನೆಯಲ್ಲಿ ನಾನೂರು ವರ್ಷಕ್ಕೂ ಹೆಚ್ಚು ಕಾಲ ಉಳಿಸಿಕೊಂಡರು. ಅವರ ನೆನಪಿನಲ್ಲಿ ಸ್ಪೇನ್‌ನ ಎಂಪನಾಡಾ ಇತ್ತು, ಹೊಸ ಊರಿನ ಬೀದಿಯಲ್ಲಿ ತುರ್ಕರ ಬೊರೆಕ್ ಇತ್ತು. ಎರಡೂ ಸೇರಿ ಬೊರೆಕಾಸ್ ಆಯಿತು: ಅರ್ಧಚಂದ್ರಾಕಾರದ ಕಣಕ, ಒಳಗೆ ಸುಟ್ಟ ಬದನೆಕಾಯಿ, ಚೀಸ್ ಅಥವಾ ಪಾಲಕ್. ಪದ ನೋಡಿದರೂ ಅಷ್ಟೇ, ತುರ್ಕಿ ತಲೆಗೆ ಸ್ಪ್ಯಾನಿಷ್ ಬಾಲ. 1943ರಲ್ಲಿ ನಾಜಿಗಳು ಸಲೋನಿಕಾದ ಯಹೂದಿಗಳನ್ನು ರೈಲುಗಳಲ್ಲಿ ತುಂಬಿ ಆಶ್‌ವಿಟ್ಜ್‌ಗೆ ಸಾಗಿಸಿದರು. ಆ ಊರಿನ ಲಾದೀನೋ ಅಡುಗೆಮನೆಗಳಲ್ಲಿ ಹೆಚ್ಚಿನವು ಅಲ್ಲಿಗೆ ಮುಗಿದವು.

ಇನ್ನೊಂದು ದಾರಿ ನಮಗೆ ಹತ್ತಿರದ್ದು. ಪರ್ಷಿಯಾದ ಸಂಬೋಸಗ್ ಅರಬ್ಬೀ ಭಾಷೆಗೆ ಸಂಬೂಸಜ್ ಆಗಿ ಬಂತು. ಬಾಗ್ದಾದ್‌ನಲ್ಲಿ 1226ರಲ್ಲಿ ಬರೆದ ಅಡುಗೆ ಪುಸ್ತಕದಲ್ಲಿ ಅದನ್ನು ಮಾಡುವ ವಿಧಾನವಿದೆ. ಅದರ ಒಂದು ಕವಲು ಪೂರ್ವಕ್ಕೆ ಬಂದು ನಮ್ಮ ಸಮೋಸ ಆಯಿತು. ಇನ್ನೊಂದು ಕವಲು ಬಾಗ್ದಾದಿನ ಯಹೂದಿಗಳ ಮನೆಯಲ್ಲಿ ಸಂಬುಸಕ್ ಆಗಿ ಉಳಿದು, ಪೂರಿಮ್‌ನ ತಿಂಡಿಯಾಯಿತು. ಒಳಗೆ ಚೀಸ್, ಇಲ್ಲವೇ ಮಸಾಲೆ ಹಾಕಿದ ಕಡಲೆ.

18ನೇ ಶತಮಾನದ ಕೊನೆಯಿಂದ ಅರಬ್ಬೀ ಮಾತಾಡುವ ಯಹೂದಿ ವ್ಯಾಪಾರಿಗಳು ಕಲ್ಕತ್ತಾ, ಮುಂಬಯಿಗಳಿಗೆ ಬಂದರು. ಅವರ ಜೊತೆ ಸಂಬುಸಕ್ ಕೂಡ ಬಂತು. ಅಷ್ಟೊತ್ತಿಗೆ ಅದರ ಅಣ್ಣನೋ ತಮ್ಮನೋ ಆದ ಸಮೋಸ ಇಲ್ಲಿ ಶತಮಾನಗಳಿಂದ ಮನೆ ಮಾಡಿಕೊಂಡು ಕೂತಿತ್ತು! ಕಲ್ಕತ್ತಾದ ನ್ಯೂ ಮಾರ್ಕೆಟ್‌ನಲ್ಲಿರುವ ನಾಹೂಮ್ ಅಂಡ್ ಸನ್ಸ್ ಬೇಕರಿ 1902ರಲ್ಲಿ ಶುರುವಾಗಿದ್ದು ಹೀಗೆ ಬಂದ ಒಂದು ಕುಟುಂಬದಿಂದ. ಕ್ರಿಸ್‌ಮಸ್ ಸಮಯದಲ್ಲಿ ಅಲ್ಲಿ ಪ್ಲಮ್ ಕೇಕ್‌ಗೆ ಜನ ಸಾಲು ನಿಲ್ಲುತ್ತಾರೆ, ಚೀಸ್ ಸಂಬುಸಕ್ ಕೂಡ ಮಾರುತ್ತಾರೆ. ಒಂದು ಕಾಲಕ್ಕೆ ಸಾವಿರಾರು ಮಂದಿಯಿದ್ದ ಕಲ್ಕತ್ತಾದ ಯಹೂದಿ ಸಮುದಾಯದಲ್ಲಿ ಈಗ ಉಳಿದಿರುವವರು ಬೆರಳೆಣಿಕೆಯಷ್ಟು.

ಬೆಣ್ಣೆಯೋ ಎಣ್ಣೆಯೋ

ಹಾಗಾದ್ರೆ ಗಸಗಸೆಯ ಜೇಬು ಜರ್ಮನರದ್ದು, ಬೊರೆಕ್ ತುರ್ಕರದ್ದು, ಸಂಬೂಸಜ್ ಪರ್ಷಿಯಾದ್ದು. ಯಹೂದಿಗಳದ್ದು ಏನು?

ಮೊದಲನೆಯದು ಪಂಚಾಂಗ. ಯಾವ ದಿನ, ಯಾವ ಕಥೆಯ ಜೊತೆ ತಿನ್ನಬೇಕು ಅನ್ನೋದು ಅವರದ್ದು. ಎರಡನೆಯದು ಕೋಶರ್ ನಿಯಮ. ಹಾಲಿನ ಪದಾರ್ಥವನ್ನು ಮಾಂಸದ ಊಟದ ಜೊತೆ ಸೇರಿಸುವಂತಿಲ್ಲ. ಕಣಕಕ್ಕೆ ಬೆಣ್ಣೆ ಹಾಕಿದರೆ ಮಾಂಸದೂಟ ಆದಮೇಲೆ ಆ ತಿಂಡಿ ಮುಟ್ಟುವಂತಿಲ್ಲ. ಬಾತುಕೋಳಿಯ ಕೊಬ್ಬು ಹಾಕಿದರೆ ಚೀಸ್ ತುಂಬುವಂತಿಲ್ಲ. ಎಣ್ಣೆ ಹಾಕಿದರೆ ಎರಡಕ್ಕೂ ಸಲ್ಲುತ್ತೆ, ಅಂಥದ್ದಕ್ಕೆ 'ಪಾರೆವ್' ಅಂತಾರೆ. ಹಾಲು ಹಾಕಿದ ರೊಟ್ಟಿಯನ್ನು ಯಾರಾದರೂ ತಿಳಿಯದೆ ಮಾಂಸದ ಜೊತೆ ತಿಂದಾರು ಅಂತ, ಅದರ ಆಕಾರವೇ ಬೇರೆ ಇರಬೇಕು ಎಂಬ ನಿಯಮವೂ ಇದೆ. ಹೂರಣದ ತಿಂಡಿಗಳಲ್ಲಿ ಆಕಾರ ಅಂದಕ್ಕಷ್ಟೇ ಇರೋದಲ್ಲ, ಒಳಗೇನಿದೆ ಅಂತ ಓದಿ ಹೇಳುವ ಗುರುತೂ ಹೌದು.

1881ರಿಂದ 1924ರವರೆಗೆ ಸುಮಾರು 20 ಲಕ್ಷ ಪೂರ್ವ ಯೂರೋಪಿನ ಯಹೂದಿಗಳು ಅಮೆರಿಕ ಸೇರಿದರು. ಅಲ್ಲಿ ಹಿಟ್ಟು, ಸಕ್ಕರೆ ಸುಲಭವಾಗಿ ಸಿಗುತ್ತಿತ್ತು, ಒಲೆ ಹೊಸದು. 1911ರಲ್ಲಿ ಕ್ರಿಸ್ಕೋ ಎಂಬ ಸಸ್ಯಜನ್ಯ ಕೊಬ್ಬು ಮಾರುಕಟ್ಟೆಗೆ ಬಂದಾಗ ಪಾರೆವ್ ಕಣಕದ ತಲೆನೋವು ಕಮ್ಮಿಯಾಯಿತು. ಕಂಪನಿ 1933ರಲ್ಲಿ ಯಹೂದಿ ಗೃಹಿಣಿಯರಿಗೆಂದೇ ಯಿಡ್ಡಿಶ್ ಮತ್ತು ಇಂಗ್ಲಿಷ್ ಎರಡರಲ್ಲೂ ಅಡುಗೆ ಪುಸ್ತಕ ಹಂಚಿತು. ಯೀಸ್ಟ್ ಹಾಕಿ ಉಬ್ಬಿಸುತ್ತಿದ್ದ ಹಾಮನ್‌ತಾಶ್ ಬೇಕಿಂಗ್ ಪೌಡರ್ ಹಾಕಿದ ಬಿಸ್ಕತ್ತಿನಂತಾಯಿತು. ಸುರುಳಿ ಸುತ್ತಿದ ರುಗೆಲಾಖ್‌ಗೆ ಅಮೆರಿಕದ ಕ್ರೀಮ್ ಚೀಸ್ ಸೇರಿತು. ಇವತ್ತು 'ಸಾಂಪ್ರದಾಯಿಕ' ಅಂತ ಕರೆಸಿಕೊಳ್ಳುವ ಆ ಮೆತ್ತನೆಯ ರುಗೆಲಾಖ್ 20ನೇ ಶತಮಾನದ ಅಮೆರಿಕದ್ದು.

1924ರ ವಲಸೆ ಕಾನೂನು ಪೂರ್ವ ಯೂರೋಪಿನ ಯಹೂದಿಗಳಿಗೆ ಆ ಬಾಗಿಲನ್ನು ಬಹುಪಾಲು ಮುಚ್ಚಿತು. ಭಾರತೀಯರಿಗೆ 1917ರಲ್ಲೇ ಮುಚ್ಚಿಯಾಗಿತ್ತು. ಬ್ರೂಕ್ಲಿನ್‌ನ ಯಹೂದಿ ಕಾಂಗ್ರೆಸ್ ಸದಸ್ಯ ಇಮ್ಯಾನುಯೆಲ್ ಸೆಲ್ಲರ್ ಈ ಕಾನೂನಿನ ವಿರುದ್ಧ ನಲವತ್ತು ವರ್ಷ ಹೋರಾಡಿದರು. 1965ರಲ್ಲಿ ರಾಷ್ಟ್ರವಾರು ಕೋಟಾ ತೆಗೆದುಹಾಕಿದ ಹಾರ್ಟ್–ಸೆಲ್ಲರ್ ಕಾನೂನಿನಲ್ಲಿರುವ ಸೆಲ್ಲರ್ ಇವರೇ. ಅಮೆರಿಕದಲ್ಲಿರುವ ಕನ್ನಡಿಗರಲ್ಲಿ ಬಹಳಷ್ಟು ಮಂದಿಯ ಮನೆತನ ಇಲ್ಲಿಗೆ ಬಂದಿದ್ದು ಆ ಬಾಗಿಲಿನಿಂದ.

ಹಸಿವಿನಲ್ಲಿ ಬರೆದ ಪಾಕವಿಧಾನ

ಬಾಗಿಲು ಮುಚ್ಚಿದಾಗ ಹೊರಗುಳಿದವರ ಕಥೆ ಮತ್ತೆ ಬೊಹಿಮಿಯಾಕ್ಕೆ ಕರೆದುಕೊಂಡು ಹೋಗುತ್ತೆ. ಟೆರೆಜಿನ್ ಊರಿನ ಕೋಟೆಯನ್ನು ನಾಜಿಗಳು ಯಹೂದಿಗಳ ಸೆರೆಶಿಬಿರ ಮಾಡಿದ್ದರು. ಅಲ್ಲಿ ಹಸಿವಿನಿಂದಲೇ ಸಾವಿರಾರು ಜನ ಸತ್ತರು. ಆ ಶಿಬಿರದಲ್ಲಿ ಮೀನಾ ಪೆಖ್ಟರ್ ಎಂಬ ವಯಸ್ಸಾದ ಮಹಿಳೆ ಮತ್ತು ಆಕೆಯ ಜೊತೆಗಾರ್ತಿಯರು ನೆನಪಿನಿಂದ ಪಾಕವಿಧಾನಗಳನ್ನು ಬರೆದಿಟ್ಟರು. ಕೇಕ್, ಸ್ಟ್ರೂಡೆಲ್, ಹಿಟ್ಟಿನ ಉಂಡೆಗಳು. ಕೆಲವು ಕಡೆ ಅಳತೆ ಇಲ್ಲ, ಕೆಲವು ಕಡೆ ಒಂದು ಹಂತವೇ ಬಿಟ್ಟುಹೋಗಿದೆ. ಹೊಟ್ಟೆಗಿಲ್ಲದವರ ನೆನಪು ಎಷ್ಟು ಅಂತ ತಡೆದೀತು?

ಮೀನಾ 1944ರಲ್ಲಿ ತೀರಿಕೊಂಡರು. ಅದಕ್ಕೆ ಮುಂಚೆ ಆ ಕೈಬರಹವನ್ನು ಒಬ್ಬ ಸ್ನೇಹಿತರ ಕೈಗಿತ್ತು, ಪ್ಯಾಲೆಸ್ತೀನ್‌ಗೆ ಹೋಗಿದ್ದ ಮಗಳು ಆನಿಗೆ ತಲುಪಿಸಿ ಅಂದಿದ್ದರು. ಆ ಹೊತ್ತಿಗೆ ವಿಳಾಸ ಯಾರಿಗೂ ಗೊತ್ತಿಲ್ಲ. ಕೈಯಿಂದ ಕೈಗೆ ದಾಟಿ ದಾಟಿ ಆ ಪೊಟ್ಟಣ ಮಗಳ ಮನೆ ಸೇರಿದ್ದು 25 ವರ್ಷ ಆದಮೇಲೆ, 1969ರಲ್ಲಿ, ನ್ಯೂಯಾರ್ಕಿನಲ್ಲಿ. ಅದನ್ನು ಬಿಚ್ಚಿ ನೋಡೋಕೆ ಮಗಳಿಗೆ ಬಹಳ ಕಾಲ ಧೈರ್ಯ ಬರಲಿಲ್ಲ. 1996ರಲ್ಲಿ ಅದು ಇಂಗ್ಲಿಷಿನಲ್ಲಿ 'ಇನ್ ಮೆಮೊರೀಸ್ ಕಿಚನ್' ಎಂಬ ಪುಸ್ತಕವಾಗಿ ಬಂತು. ನೋಡಿಕೊಂಡು ಅಡುಗೆ ಮಾಡೋದಕ್ಕೆ ಅದು ಸರಿಯಾದ ಪುಸ್ತಕವಲ್ಲ. ಆದರೆ ಒಬ್ಬ ತಾಯಿ ಮಗಳಿಗೆ ಏನು ದಾಟಿಸಬೇಕು ಅಂದುಕೊಂಡಿದ್ದಳು ಅನ್ನೋದು ಅದರಲ್ಲಿದೆ.

ಮನೆಯಲ್ಲಿ ಮಾಡೋದಾದರೆ

ಒಂದು ಕಪ್ ಗಸಗಸೆಯನ್ನು ಮಿಕ್ಸಿಯಲ್ಲಿ ಪುಡಿ ಮಾಡಿ. ಯೂರೋಪಿನದ್ದು ನೀಲಿ-ಕಪ್ಪು, ನಮ್ಮ ಪಾಯಸದ್ದು ಬಿಳಿ, ಎರಡೂ ಆಗುತ್ತೆ. ಮುಕ್ಕಾಲು ಕಪ್ ಹಾಲು, ಅರ್ಧ ಕಪ್ ಸಕ್ಕರೆ ಇಲ್ಲವೇ ಜೇನು, ಸ್ವಲ್ಪ ನಿಂಬೆ ಸಿಪ್ಪೆಯ ತುರಿ, ಒಂದು ಹಿಡಿ ಒಣದ್ರಾಕ್ಷಿ ಹಾಕಿ, ತಳ ಬಿಟ್ಟು ಗಟ್ಟಿಯಾಗುವವರೆಗೆ ಸಣ್ಣ ಉರಿಯಲ್ಲಿ ಕೈಯಾಡಿಸಿ ಆರಿಸಿ. ಯುಎಇ, ಸೌದಿ ಅರೇಬಿಯಾ, ಸಿಂಗಪುರಗಳಲ್ಲಿ ಗಸಗಸೆ ನಿಷಿದ್ಧ ವಸ್ತು, ಊರಿಂದ ಬರುವಾಗ ತರಲೇಬೇಡಿ. ಅಲ್ಲಿರುವವರು ಒಣ ಪ್ಲಮ್ ಅಥವಾ ಖರ್ಜೂರವನ್ನು ನೀರಲ್ಲಿ ಬೇಯಿಸಿ, ಅರೆದು ಹೂರಣ ಮಾಡಿಕೊಳ್ಳಬಹುದು.

ಕಣಕಕ್ಕೆ 280 ಗ್ರಾಂ ಮೈದಾ, 100 ಗ್ರಾಂ ಸಕ್ಕರೆ, 115 ಗ್ರಾಂ ಬೆಣ್ಣೆ, ಒಂದು ಮೊಟ್ಟೆ, ಒಂದು ಟೀ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು. ಹೆಚ್ಚು ನಾದಬೇಡಿ. ಒಂದು ಗಂಟೆ ಫ್ರಿಜ್‌ನಲ್ಲಿಡಿ. 3 ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ, ಲೋಟದ ಬಾಯಿಂದ ದುಂಡಗೆ ಕತ್ತರಿಸಿ, ನಡುವೆ ಒಂದೇ ಟೀ ಚಮಚ ಹೂರಣ ಇಡಿ. ಮೂರು ಕಡೆಯಿಂದ ಅಂಚು ಎತ್ತಿ, ಒಂದರ ಮೇಲೊಂದು ಸ್ವಲ್ಪ ಬರುವ ಹಾಗೆ ಮಡಚಿ, ಮೂಲೆಗಳನ್ನು ಗಟ್ಟಿಯಾಗಿ ಒತ್ತಿ. 180 ಡಿಗ್ರಿಯಲ್ಲಿ 15ರಿಂದ 18 ನಿಮಿಷ, ಅಂಚು ಹೊಂಬಣ್ಣ ಬರುವವರೆಗೆ. ಬೇಯುವಾಗ ಬಾಯಿ ಬಿಡದ ಹಾಗೆ, ಓವನ್‌ಗೆ ಇಡುವ ಮುಂಚೆ ಇನ್ನೊಂದು ಹತ್ತು ನಿಮಿಷ ಫ್ರಿಜ್‌ನಲ್ಲಿಟ್ಟರೆ ಒಳ್ಳೆಯದು. ಕಡುಬು ಬಿಚ್ಚಿಕೊಳ್ಳುವ ಕಾರಣಗಳೇ ಇಲ್ಲೂ: ಹೂರಣ ಜಾಸ್ತಿ, ಅಂಚು ಒದ್ದೆ, ಒತ್ತಿದ್ದು ಸಾಲದು.

ಮಾಡಿದ್ದನ್ನು ಏನು ಮಾಡಬೇಕು ಅನ್ನೋದನ್ನೂ ಎಸ್ತೇರಳ ಗ್ರಂಥವೇ ಹೇಳುತ್ತೆ: ಪೂರಿಮ್ ದಿನ ಒಬ್ಬರಿಗೊಬ್ಬರು ತಿನಿಸು ಕಳಿಸಬೇಕು, ಬಡವರಿಗೆ ದಾನ ಕೊಡಬೇಕು. ಕನಿಷ್ಠ ಒಬ್ಬರಿಗಾದರೂ, ಕನಿಷ್ಠ ಎರಡು ಬಗೆಯ ತಿನಿಸು ಹೋಗಬೇಕು ಅಂತ ಆಮೇಲಿನ ಪಂಡಿತರು ಲೆಕ್ಕ ಹಾಕಿಟ್ಟಿದ್ದಾರೆ. ಸಂಕ್ರಾಂತಿಗೆ ಎಳ್ಳು ಬೀರಿ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಕ್ಕದ ಮನೆಯಿಂದ ಮಾರ್ಚ್‌ನಲ್ಲಿ ಅಂಥದ್ದೊಂದು ತಟ್ಟೆ ಬಂದರೆ ತಟ್ಟೆಯನ್ನು ಖಾಲಿ ವಾಪಸ್ ಕಳಿಸಬೇಡಿ. ಕಳಿಸುವ ಮುಂಚೆ, ಅವರು ಕೋಶರ್ ಪಾಲಿಸುತ್ತಾರಾ ಅಂತ ಒಂದು ಮಾತು ಕೇಳಿ. ಪಾಲಿಸುವವರಾದರೆ ನಮ್ಮ ಒಲೆಯಲ್ಲಿ ಬೆಂದಿದ್ದು ಅವರಿಗೆ ಆಗೋದಿಲ್ಲ, ಹಣ್ಣು ಕಳಿಸಿ.